ಮರೆ ಎಂದರು ಗುರುಗಳು

ಊಹಿಸಿ ನೋಡೋಣ.

ಹದಿನೇಳು ವರ್ಷ ಒಂದೇ ಮೂಲೆ ಹಿಡಿದು ನಿಂತವನೊಬ್ಬ. ಆ ಮೂಲೆಯಲ್ಲಿ ಅವನನ್ನು ಮುಟ್ಟಿದವರಿಲ್ಲ. ಒಂದು ಮಧ್ಯಾಹ್ನ, ಅದೇ ಮೂಲೆಯಲ್ಲಿ, ಅದೇ ಬಂದೂಕು ಹಿಡಿದು, ಊಟಕ್ಕೂ ಕಾಫಿಗೂ ನಡುವೆ ಹನ್ನೊಂದು ಸಲ ಸತ್ತ. ಕಣ್ಣು ಮಂಜಾಗಿರಲಿಲ್ಲ. ಕೈ ನಡುಗಿರಲಿಲ್ಲ. ಗೋಡೆ ಎಲ್ಲೂ ಬಿರುಕು ಬಿಟ್ಟಿರಲಿಲ್ಲ.

ಏನಾಗಿರಬಹುದು?

ಸಾವಕಾಶ ಯೋಚಿಸಿ. ಅಷ್ಟರಲ್ಲಿ ಆಶ್ರಮದ ವಿಷಯ ಹೇಳಿಬಿಡೋಣ.

ತುಂಗಭದ್ರೆಯ ದಂಡೆಯ ಮೇಲೆ ಒಂದು ತಾರಸಿ ಮನೆ. ಊರವರು ತಮಾಷೆಗೆ ಆಶ್ರಮ ಎಂದರು, ಹೆಸರು ಅಂಟಿಕೊಂಡಿತು. ಅಲ್ಲಿ ಹೋಮವಿಲ್ಲ, ಜಪವಿಲ್ಲ. ಆರು ಕಂಪ್ಯೂಟರ್ ಇವೆ. ಗುರು ವೃಷಭೇಂದ್ರಪ್ಪನವರು, ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟರಾಗಿ ನಿವೃತ್ತರಾದವರು. ಅವರು ಕಲಿಸುವುದು ಬಂದೂಕಿನ ಆಟ.

ಆಟದ ಹೆಸರು ಉದ್ದವಿದೆ. ಆಶ್ರಮದಲ್ಲಿ ಅದನ್ನು ಬರೀ ‘ಕೋಟೆ’ ಎನ್ನುತ್ತಾರೆ. ಐವರು ಒಂದು ಕಡೆ, ಐವರು ಇನ್ನೊಂದು ಕಡೆ. ಹದಿನೇಳು ವರ್ಷದಲ್ಲಿ ಏಳು ಭಾಗ ಬಂದವು. ಪ್ರತಿ ಭಾಗಕ್ಕೂ ಹೊಸ ಬಂದೂಕು, ಕೋಟೆಗೆ ಹೊಸ ಬಣ್ಣ. ಕಾಲುಗಳು ಮಾತ್ರ ಹಳೆಯವೇ: ಓಡು, ಬಗ್ಗು, ನಿಲ್ಲು.

ಮೊದಲ ಶಿಷ್ಯ ತಿಪ್ಪೇಶ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು, ಮಹಾ ತಾಳ್ಮೆಗಾರ. ಕೋಟೆಯೊಳಗಿನ ಕಣಜದ ಗೋಡೆಯ ಹಿಂದೆ ಅವನು ನಿಂತನೆಂದರೆ ನಿಂತ. ಬಂದವರನ್ನೆಲ್ಲ ಒಂದೊಂದೇ ಗುಂಡಿಗೆ ಮಲಗಿಸುತ್ತಿದ್ದ.

ಆಟದ ನಡುವೆ ಗುರುಗಳು ಹೆಚ್ಚು ಮಾತಾಡುವವರಲ್ಲ. ಅಪಾಯ ಕಂಡರೆ ಕಿವಿಯಲ್ಲಿ ಒಂದೇ ಶಬ್ದ: “ಮರೆ!”

ಗೋಡೆಯ ಮರೆಗೆ ಸರಿ ಎಂದು ಅರ್ಥ. ಆ ಒಂದು ಶಬ್ದದ ಮೇಲೆ ತಿಪ್ಪೇಶ ಹದಿನೇಳು ವರ್ಷ ಬದುಕಿದ್ದ.

ಆಮೇಲೆ ಎಂಟನೆಯ ಭಾಗ ಬಂತು.

ಇದರಲ್ಲಿ ಬಂದೂಕು ಹಳೆಯವೇ. ಕಾಲು ಹೊಸವು. ಓಡುತ್ತ ಓಡುತ್ತ ನೆಲದ ಮೇಲೆ ಜಾರಬಹುದು. ಗೋಡೆಯ ಮೇಲೆ ಹಲ್ಲಿಯಂತೆ ಓಡಬಹುದು. ಜಿಗಿದವನು ಗಾಳಿಯಲ್ಲೇ ಇನ್ನೊಂದು ಸಲ ಜಿಗಿಯಬಹುದು.

ಈಗ ಗೊತ್ತಾಯಿತಲ್ಲ ಹನ್ನೊಂದು ಸಾವಿನ ಗುಟ್ಟು?

ಹನ್ನೊಂದು ಸಲವೂ ಹೊಡೆದವಳು ಅಂಜುಮ್. ಶಿಕ್ಷಕರ ತರಬೇತಿ ಓದುತ್ತಿದ್ದ ಹುಡುಗಿ, ಆಶ್ರಮಕ್ಕೆ ಸೇರಿ ಇನ್ನೂ ತಿಂಗಳಾಗಿರಲಿಲ್ಲ. ಹಳೆಯ ಏಳು ಭಾಗಗಳನ್ನು ಅವಳು ಕಣ್ಣಿಂದಲೂ ನೋಡಿರಲಿಲ್ಲ.

“ತಿಪ್ಪೇಶಣ್ಣ, ಆಕಾಶ ಅಂತ ಒಂದಿದೆ. ಆಗಾಗ ನೋಡ್ತಿರಿ” ಎಂದಳು.

ತಿಪ್ಪೇಶ ಎದ್ದು ಸೀದಾ ಗುರುಗಳ ಬಳಿ ಹೋದ. ಅವರು ದಂಡೆಯಲ್ಲಿ ಕೂತು ಸೀಬೆಹಣ್ಣು ತಿನ್ನುತ್ತಿದ್ದರು.

“ಗುರುಗಳೇ, ಇದು ಯುದ್ಧ ಅಲ್ಲ. ಮಂಗನಾಟ.”

“ಲಂಕೆಗೆ ಹಾರಿ ಹೋದವರು ಯಾರಪ್ಪಾ ಮತ್ತೆ?” ಎಂದರು ಗುರುಗಳು.

ತಿಪ್ಪೇಶ ಪಕ್ಕದ ಕಲ್ಲಿನ ಮೇಲೆ ಕುಕ್ಕರಿಸಿದ.

“ಜನವರಿಗೆ ಪಂದ್ಯ” ಎಂದರು ಅವರು. “ಇರೋದು ಐದೇ ಕುರ್ಚಿ, ಗೊತ್ತಲ್ಲ? ನಾನು, ನೀನು, ಹಳಬರು ಮೂವರು. ಈಗ ಅಂಜುಮ್ ಆರನೆಯವಳು. ನವೆಂಬರ್ ಮುಗಿಯೋದರೊಳಗೆ ಅವಳನ್ನ ಒಂದೇ ಒಂದು ಸಲ ಹೊಡಿ. ಆಗಲಿಲ್ಲ ಅಂದರೆ ನಿನ್ನ ಕುರ್ಚಿ ಅವಳಿಗೆ.”

ತಿಪ್ಪೇಶ ಮದುವೆಯ ಮಾರನೆಯ ದಿನವೂ ಬಂದು ಕೂತ ಕುರ್ಚಿ ಅದು. ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ.

“ಏನಾದರೂ ಹೇಳಿಕೊಡಿ ಗುರುಗಳೇ.”

ಗುರುಗಳು ಹಣ್ಣಿನ ಬೀಜ ಉಗಿದರು.

“ಮರೆ” ಎಂದರು.

ಅಷ್ಟೇ ತಾನೆ! ತಿಪ್ಪೇಶನಿಗೆ ಹೋದ ಜೀವ ಬಂದಂತಾಯಿತು. ಒಳಗೆ ಹೋಗಿ ಒಂದು ನೋಟ್‌ಬುಕ್ ತೆಗೆದ. ಎಂಟನೆಯ ಭಾಗದ ಕೋಟೆಯನ್ನು ಮೂಲೆ ಮೂಲೆ ಸುತ್ತಿದ. ಮರೆಯಾಗಿ ನಿಲ್ಲಬಹುದಾದ ಒಂದೊಂದು ಜಾಗವನ್ನೂ ಚಿತ್ರ ಬಿಡಿಸಿ ಬರೆದ. ಬಾವಿಯ ಹಿಂದೆ, ಲಾಯದ ಹಿಂದೆ, ಮೆಟ್ಟಿಲ ಕೆಳಗೆ. ಎಲ್ಲ ಸೇರಿ ಎಪ್ಪತ್ತೆರಡು.

ಎಪ್ಪತ್ತೆರಡರಲ್ಲೂ ಅಂಜುಮ್ ಅವನನ್ನು ಹೊಡೆದಳು. ಲಾಯದ ಹಿಂದೆ ಎರಡು ಸಲ.

“ಪುಸ್ತಕ ಚೆನ್ನಾಗಿ ಬರೆದಿದ್ದೀರಿ ಅಣ್ಣಾ, ನಿಮ್ಮನ್ನ ಹುಡುಕೋಕೆ ಸುಲಭ ಆಯ್ತು” ಎಂದಳು.

ತಿಪ್ಪೇಶ ನೋಟ್‌ಬುಕ್ ಸಮೇತ ಗುರುಗಳ ಮುಂದೆ ನಿಂತ.

“ನೀವು ಮರೆ ಅಂದಿರಿ. ಎಪ್ಪತ್ತೆರಡು ಮರೆ ಹುಡುಕಿದೆ. ಒಂದೂ ಕಾಯಲಿಲ್ಲ.”

ಗುರುಗಳು ಅವನನ್ನು ಮನೆಯ ಹಿಂದಕ್ಕೆ ಕರೆದೊಯ್ದರು. ಅಲ್ಲೊಂದು ಮೋಟುಗೋಡೆ.

“ಅದರ ಹಿಂದೆ ನಿಲ್ಲು. ನನ್ನ ಕೈಗೆ ಸಿಗಬೇಡ.”

ಗುರುಗಳು ಎಡಗಡೆಯಿಂದ ಬಂದರು. ತಿಪ್ಪೇಶ ಬಲಕ್ಕೆ ಸರಿದ. ಗುರುಗಳು ಬಲಗಡೆಯಿಂದ ಬಂದರು. ತಿಪ್ಪೇಶ ಎಡಕ್ಕೆ ಸರಿದ. ಹದಿನೇಳು ವರ್ಷದ ಸಾಧನೆ, ಸಿಕ್ಕುವವನೇ? ಅವನ ಮುಖದಲ್ಲಿ ಸಣ್ಣ ನಗುವೂ ಬಂತು.

ಆಮೇಲೆ ಗುರುಗಳು ಯಾವ ಕಡೆಯಿಂದಲೂ ಬರಲಿಲ್ಲ.

ತಿಪ್ಪೇಶ ಎಡಕ್ಕೆ ಇಣುಕಿದ. ಬಲಕ್ಕೆ ಇಣುಕಿದ.

ತಾರಸಿಯಿಂದ ಒಂದು ಕೊಡ ತಣ್ಣೀರು ಅವನ ತಲೆಯ ಮೇಲೆ ಬಿತ್ತು.

“ಎಲ್ಲಿಂದ ಬಂತು?” ಮೇಲಿನಿಂದ ಗುರುಗಳು ಕೇಳಿದರು.

“ಮೇಲಿಂದ.”

“ಗೋಡೆ ಬಿತ್ತಾ?”

“ಇಲ್ಲ ಗುರುಗಳೇ.”

“ಗಟ್ಟಿಯಾಗಿದೆಯಾ?”

“ಗಟ್ಟಿಯಾಗೇ ಇದೆ.”

“ಒಳ್ಳೇ ಗೋಡೆ” ಎಂದರು ಗುರುಗಳು. “ಇನ್ನು ಹೋಗು. ಮರೆ.”

ತಿಪ್ಪೇಶನ ಸಿಟ್ಟು ನೆತ್ತಿಗೇರಿತು. ನೆತ್ತಿ ತಣ್ಣಗಿದ್ದುದರಿಂದ ಅಲ್ಲೇ ಇಳಿಯಿತು. ಅಂಗಿ ಹಿಂಡುತ್ತ ಜಗಲಿಯ ಮೇಲೆ ಕೂತ.

ಅಂಜುಮ್ ಟವೆಲ್ ತಂದುಕೊಟ್ಟಳು. ನಗು ತಡೆದು ತಡೆದು ಅವಳ ಕಣ್ಣಲ್ಲಿ ನೀರು ಬಂದಿತ್ತು.

“ಮತ್ತೂ ಮರೆ ಅಂತಾರಲ್ಲವ್ವಾ! ಇನ್ನೆಲ್ಲಿ ಅಡಗಲಿ ನಾನು? ನದಿಯೊಳಗಾ?”

“ಅಣ್ಣಾ, ನೀವು ಅದನ್ನ ನಾಮಪದ ಅಂತ ಹಿಡ್ಕೊಂಡು ಕೂತಿದ್ದೀರಿ.”

“ಮತ್ತೆ?”

“ಕ್ರಿಯಾಪದ.”

ತಿಪ್ಪೇಶ ತಲೆ ಒರೆಸುವುದನ್ನು ನಿಲ್ಲಿಸಿದ.

ಮರೆ. ಮರೆತುಬಿಡು.

ಹದಿನೇಳು ವರ್ಷ! ಕಣಜದ ಗೋಡೆಯ ಒಂದೊಂದು ಕಲ್ಲೂ ಅವನಿಗೆ ಬಾಯಿಪಾಠ. ಮಗಳ ಹುಟ್ಟುಹಬ್ಬ ಮರೆತು ಬೈಸಿಕೊಂಡವನು, ಆ ಕಲ್ಲುಗಳನ್ನು ಮರೆತಿರಲಿಲ್ಲ.

“ಮರೀಬೇಕು ಅಂದಷ್ಟೂ ನೆನಪಾಗುತ್ತಲ್ಲ. ಮರೆಯೋದು ಹೇಗೆ?”

“ಬೀಳೋಕೆ ಶುರುಮಾಡಿ. ತಾನಾಗೇ ಮರೆತುಹೋಗುತ್ತೆ.”

ಅವನಿಗೆ ಮೂವತ್ತನಾಲ್ಕು, ಅವಳಿಗೆ ಇಪ್ಪತ್ತು. ಅವನು ಮೊದಲ ಶಿಷ್ಯ, ಅವಳು ಕೊನೆಯವಳು. ಟವೆಲ್ ಮಡಿಸಿ ಪಕ್ಕಕ್ಕಿಟ್ಟ.

“ಹೇಳಿಕೊಡ್ತೀಯಾ ತಂಗೀ?”

ಅವಳು ನಗಲಿಲ್ಲ. ಒಳಗೆ ಹೋಗಿ ಅವನ ಕುರ್ಚಿಯ ಪಕ್ಕಕ್ಕೆ ಒಂದು ಸ್ಟೂಲ್ ಎಳೆದಳು.

ಮೊದಲ ವಾರ ಅವನು ಬಿದ್ದದ್ದೇ ಬಿದ್ದದ್ದು. ಬುರುಜಿನಿಂದ ಬಿದ್ದ, ಕಂದಕಕ್ಕೆ ಬಿದ್ದ, ಒಮ್ಮೆ ಸ್ವಂತ ತಂಡದವನ ತಲೆಯ ಮೇಲೇ ಬಿದ್ದ. ಜಾರಲು ಹೋಗಿ ಬಾವಿ ಸೇರಿದ. ಹಳಬರು ಮೂವರೂ ಆಟ ಬಿಟ್ಟು ನೋಡಲು ನಿಂತರು.

“ಗೋಡೆ ಕಂಡ ಕೂಡಲೇ ಬೆನ್ನು ಕೊಡ್ತೀರಿ ನೀವು” ಎಂದಳು ಅಂಜುಮ್. “ಪಾದ ಕೊಡಿ.”

ಎರಡನೆಯ ವಾರ ಅವನು ಗೋಡೆಗೆ ಪಾದ ಕೊಟ್ಟ. ಗೋಡೆ ಅವನನ್ನು ಹೊತ್ತುಕೊಂಡು ಹೋಯಿತು. ಹದಿನೇಳು ವರ್ಷ ಒರಗಿ ನಿಂತಿದ್ದ ಗೋಡೆ ಒಂದು ದಾರಿಯೂ ಆಗಿತ್ತೆಂದು ಅವನಿಗೆ ಆಗ ತಿಳಿಯಿತು. ಕುರ್ಚಿಯಲ್ಲೇ ಒಂದು ಸಲ ಎಗರಿದ. ಮನೆಯಲ್ಲಿ ಹೆಂಡತಿ, “ಏನು, ಸಿಳ್ಳೆ ಹಾಕ್ತಿದ್ದೀರಿ?” ಎಂದು ಕೇಳಿದಳು.

ಆದರೆ ಅಂಜುಮ್ ಸಿಗಲಿಲ್ಲ. ಅವನು ಜಾರಿದರೆ ಅವಳು ಹಾರಿದಳು. ಅವನು ಹಾರಿದರೆ ಅವಳು ಆಗಲೇ ಇಳಿದಿದ್ದಳು. ನವೆಂಬರ್ ಮುಗಿಯಲು ಐದೇ ದಿನ ಉಳಿದವು.

ಅಂದು ಮಧ್ಯಾಹ್ನ ಇಬ್ಬರೇ ಆಡಿದರು. ಗುರುಗಳು ಹಿಂದೆ ನಿಂತು ನೋಡುತ್ತಿದ್ದರು.

ಅಂಜುಮ್ ಲಾಯದ ಮೇಲಿಂದ ಬಂದಳು. ತಿಪ್ಪೇಶ ಜಾರಿದ. ಕಣಜದ ಗೋಡೆ ಹತ್ತಿ ಓಡಿದ. ಜಿಗಿದ. ಗಾಳಿಯಲ್ಲಿ ಇನ್ನೊಮ್ಮೆ ಜಿಗಿದ.

ಜಿಗಿತದ ತುದಿಯಲ್ಲಿ ಒಂದು ಜಾಗವಿದೆ. ಅಲ್ಲಿ ಏರುವುದು ಮುಗಿದಿರುತ್ತದೆ, ಇಳಿಯುವುದು ಇನ್ನೂ ಶುರುವಾಗಿರುವುದಿಲ್ಲ. ಕಣ್ಣು ಮಿಟುಕಿಸುವಷ್ಟೂ ಹೊತ್ತು ಇರುವುದಿಲ್ಲ ಅದು. ಆತುರದವರಿಗೆ ಕಾಣುವುದೂ ಇಲ್ಲ. ಗಾಜು ಉಜ್ಜುವವನಿಗೆ ಕಂಡಿತು.

ತಿಪ್ಪೇಶ ಅಲ್ಲಿ ನಿಂತ. ನಿಲ್ಲುವುದನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಒಂದೇ ಗುಂಡು.

“ಅಯ್ಯೋ ಅಲ್ಲಾ!” ಎಂದು ಅಂಜುಮ್ ತಲೆಯ ಮೇಲೆ ಕೈ ಹೊತ್ತಳು. ಮರುಕ್ಷಣ ಎದ್ದು ಚಪ್ಪಾಳೆ ತಟ್ಟಿದಳು. “ಗಾಳಿಯಲ್ಲಿ ಹಾಗೆ ನಿಂತ್ಕೊಳ್ಳೋದು ಹೇಗಣ್ಣಾ? ನನಗೂ ಹೇಳಿಕೊಡಿ!”

ತಿಪ್ಪೇಶ ಗುರುಗಳ ಕಡೆ ತಿರುಗಿದ. ಗೆದ್ದ ಖುಷಿ ಮುಖ ತುಂಬ ಇತ್ತು. ಅದರ ಅಂಚಿನಲ್ಲಿ ಒಂದು ಮುಳ್ಳೂ ಇತ್ತು.

“ಕುರ್ಚಿ ನಂದೇ ಅಲ್ವಾ ಗುರುಗಳೇ?”

“ನಿಂದೇ.”

“ಹಾಗಾದರೆ ಇವಳು? ಕಲಿಸಿದವಳನ್ನ ಹೊರಗೆ ಕೂರಿಸಿ ನಾನು ಹೇಗೆ ಆಡಲಿ?”

“ಅಂಜುಮ್, ಅಲ್ಲಿ ಕೂತ್ಕೋ” ಎಂದು ಗುರುಗಳು ಕಿಟಕಿಯ ಪಕ್ಕದ ಕುರ್ಚಿ ತೋರಿಸಿದರು.

ಅದು ಗುರುಗಳದೇ ಕುರ್ಚಿ. ಅಂಜುಮ್ ಹಿಂದೆ ಸರಿದಳು. “ನಿಮ್ಮದರಲ್ಲಾ? ನಾನಾ?”

“ಎಂಟನೆಯ ಭಾಗದಲ್ಲಿ ನಾನು ಇವತ್ತಿನವರೆಗೆ ಒಂದು ಗೋಡೆ ಹತ್ತಿಲ್ಲಮ್ಮಾ.”

ತಿಪ್ಪೇಶ ಬಾಯಿ ತೆರೆದುಕೊಂಡು ನಿಂತ. “ಮತ್ತೆ ನನಗೆ ಕಲಿಸಿದ್ದು?”

“ಕಲಿಸಿದ್ದು ಅವಳು. ನಾನು ನೀರು ಸುರಿದೆ, ಅಷ್ಟೇ. ಆ ಸುಖಾನೂ ಬಿಡ್ಲಾ?”

ಗುರುಗಳು ಅಂಜುಮ್ ಕೂರುತ್ತಿದ್ದ ಸ್ಟೂಲ್ ಎಳೆದುಕೊಂಡರು, ಕಾಲು ಚಾಚಿ ಆರಾಮಾಗಿ ಕೂತರು. ಕಪಾಟಿನಿಂದ ಹಾಜರಿ ಪುಸ್ತಕ ತರಲು ತಿಪ್ಪೇಶನಿಗೆ ಹೇಳಿದರು. ಅವನು ತಂದ. ಪೆನ್ನು ಹಿಡಿದು, ಏನು ಬರೆಯಲಿ ಎಂಬಂತೆ ನೋಡಿದ.

“ಅಂಜುಮ್ ಹೆಸರಿನ ಕೆಳಗೆ ಬರಿ” ಎಂದರು ಗುರುಗಳು. “ವೃಷಭೇಂದ್ರಪ್ಪ, ವಯಸ್ಸು ಅರವತ್ತೆಂಟು, ಹೊಸ ವಿದ್ಯಾರ್ಥಿ. ಸೇರಿದ ದಿನ: ಎರಡು ಸಾವಿರದ ಇಪ್ಪತ್ತಮೂರನೇ ಇಸವಿ, ನವೆಂಬರ್ ಇಪ್ಪತ್ತಾರು, ಭಾನುವಾರ.”