ಕೊಸರಿಗೆ ಹೋದ ಬಂಗಾರ

“ಅಯ್ಯನವರೇ, ನಿನ್ನೆ ಬಂದ ಪಂಡಿತರು ಇಂಗ್ಲಿಷಿನ ಎರಡು ಮಾತು ಹೇಳಿದರು. ಮ್ಯಾಕ್ರೊ, ಮೈಕ್ರೊ. ಒಂದು ಬಲು ದೊಡ್ಡದಕ್ಕಂತೆ, ಇನ್ನೊಂದು ಬಲು ಚಿಕ್ಕದಕ್ಕಂತೆ. ಎರಡೂ ಒಂದಕ್ಕೊಂದು ಉಲ್ಟಾ. ಮನುಷ್ಯ ಯಾವುದನ್ನು ಹಿಡಿದು ನಡೆಯಬೇಕು?” ಎಂದು ಮರುಳಪ್ಪ ಕೇಳಿದ. ಮಠದ ಪಂಕ್ತಿಯಲ್ಲಿ ಊಟ ಬಡಿಸುವ ಕೆಲಸ ಅವನದು. ಹೊಸ ಮಾತೊಂದು ಕಿವಿಗೆ ಬಿದ್ದರೆ ಅದರ ಬೆನ್ನು ಬಿಡುವವನಲ್ಲ.

ಅಯ್ಯನವರು ಮಜ್ಜಿಗೆ ಲೋಟ ಕೆಳಗಿಟ್ಟರು. “ಪಂಡಿತರು ಅರ್ಥ ಹೇಳಿ, ಊಟ ಮಾಡಿ ಹೋದರು. ತಾಪತ್ರಯ ನನ್ನ ತಲೆಗೆ ಬಂತು. ಕೂತ್ಕೊ, ಹೇಳ್ತೀನಿ” ಎಂದು ಶುರುಮಾಡಿದರು.

ಒಂದೂರಲ್ಲಿ ಒಬ್ಬ ಸೌದೆ ವ್ಯಾಪಾರಿ. ಅವನ ಅಕ್ಕನ ಗಂಡ ಅಕ್ಕಸಾಲಿಗ. ಇವನ ತಕ್ಕಡಿಯಲ್ಲಿ ಎತ್ತನ್ನು ಕೂರಿಸಿದರೂ ತೂಗಬಹುದು. ಅವನ ತಕ್ಕಡಿ ಸೊಳ್ಳೆ ಕೂತರೂ ವಾಲುತ್ತದೆ. ಅಕ್ಕನ ಮಗಳನ್ನು ತನ್ನ ಮಗನಿಗೆ ತಂದುಕೊಳ್ಳಬೇಕೆಂಬುದು ಸೌದೆ ವ್ಯಾಪಾರಿಯ ಬಹಳ ದಿನದ ಆಸೆ. ಹುಡುಗ ಹುಡುಗಿ ಇಬ್ಬರಿಗೂ ಒಪ್ಪಿಗೆ. ಅಡ್ಡ ನಿಂತವನು ಭಾವನೇ.

“ಮಣಗಟ್ಟಲೆ ತೂಗಿ ತೂಗಿ ನಿನ್ನ ಕಣ್ಣು ಒರಟಾಗಿದೆ. ಚಿಕ್ಕದರ ಬೆಲೆ ತಿಳಿಯದವನ ಮನೆಗೆ ಮಗಳನ್ನು ಹೇಗೆ ಕೊಡಲಿ?” ಎಂದ ಅಕ್ಕಸಾಲಿಗ.

“ಒಂದು ದಿನ ನೀವು ನನ್ನ ಡಿಪೋದಲ್ಲಿ ಕೂತು ನೋಡಿ ಭಾವ. ನಾನು ನಿಮ್ಮ ಅಂಗಡಿಯಲ್ಲಿ ಕೂರುತ್ತೇನೆ. ನಾನು ಎಡವಿದರೆ ಮತ್ತೆ ಹೆಣ್ಣು ಕೇಳೋದಿಲ್ಲ” ಎಂದುಬಿಟ್ಟ ಸೌದೆ ವ್ಯಾಪಾರಿ. ಅಂದ ಮೇಲೆ ದುಡುಕಿದೆನೆಂದು ಅವನಿಗೇ ಅನ್ನಿಸಿತು. ಏನು ಮಾಡುವುದು, ಮಾತು ಬಾಯಿ ದಾಟಿತ್ತು.

ಭಾವ ಒಪ್ಪಿದ. ಮರುದಿನ ಬೆಳಗ್ಗೆ ಸೌದೆ ವ್ಯಾಪಾರಿ ಭಾವನ ಮನೆ ಮುಂಭಾಗದ ಅಂಗಡಿಯಲ್ಲಿ ಗಾದಿಯ ಮೇಲೆ ಕೂತ. ಗಾಳಿಗೆ ತಕ್ಕಡಿ ಅಲ್ಲಾಡೀತೆಂದು ಕಿಟಕಿ ಮುಚ್ಚಿದ. ತನ್ನ ಉಸಿರಿಗೂ ಅಲ್ಲಾಡುವುದನ್ನು ಕಂಡು ಉಸಿರನ್ನೂ ಬಿಗಿಹಿಡಿದ. ಮೊದಲು ಬಂದ ಹೆಂಗಸಿಗೆ ಸರಕ್ಕೆ ಪೋಣಿಸಲು ಬಂಗಾರದ ಗುಂಡು ಬೇಕಿತ್ತು. ಒಂದೊಂದೇ ಗುಂಡು ಇಟ್ಟು, ಮುಳ್ಳು ನೆಟ್ಟಗೆ ನಿಲ್ಲುವವರೆಗೆ ತೂಗಿದ. ಮುಖ ಕೆಂಪಾಗಿ ಕಣ್ಣು ಮೇಲೆ ಸಿಕ್ಕಿಕೊಂಡರೂ ತೂಕ ಗುಲಗಂಜಿಯಷ್ಟೂ ತಪ್ಪಲಿಲ್ಲ. ಸೊಸೆ ಮನೆ ತುಂಬಿದಷ್ಟೇ ಸಂತೋಷವಾಯಿತು. ಆ ಸಂತೋಷದಲ್ಲಿ ಕೈ ತನ್ನಷ್ಟಕ್ಕೆ ತಾನೇ ಗುಂಡಿನ ಡಬ್ಬಿಗೆ ಹೋಯಿತು. ಇನ್ನೆರಡು ಗುಂಡು ಎತ್ತಿ ಅವಳ ಅಂಗೈಗೆ ಹಾಕಿ, “ಕೊಸರು ತಗೊಳ್ಳಿ ತಾಯಿ” ಎಂದ.

ಮೂವತ್ತು ವರ್ಷದಿಂದ ಅವನ ಡಿಪೋದಲ್ಲಿ ಕೊಸರಿಲ್ಲದೆ ಹೋದವರಿಲ್ಲ. ತೂಕ ಮುಗಿದ ಮೇಲೆ ಎರಡು ಸೀಳು ಸೌದೆ ಎತ್ತಿ ಹಾಕಿದರೇನೇ ವ್ಯಾಪಾರ ಮುಗಿದಂತೆ. ಆ ಹೆಂಗಸು ಒಂದು ಗಳಿಗೆ ಅವನ ಮುಖ ನೋಡಿದಳು, ಮರುಗಳಿಗೆ ಬೀದಿಯಲ್ಲಿದ್ದಳು. ಹನ್ನೊಂದು ಗಂಟೆಯ ಹೊತ್ತಿಗೆ ಜನರ ಸಾಲು ಬೀದಿಯ ತಿರುವು ದಾಟಿತ್ತು. ಮೂಗುತಿ ಕೊಂಡವರಿಗೂ ಕೊಸರು, ಸುಮ್ಮನೆ ಬೆಲೆ ವಿಚಾರಿಸಿದವರಿಗೂ ಕೊಸರು. ಪಾಪ, ಎಡವಿದ್ದು ಅವನಿಗೆ ಹೊಳೆಯಲೇ ಇಲ್ಲ. ಭಾವನಿಗೆ ಜನರನ್ನು ಮಾತಾಡಿಸಲು ಬರುವುದಿಲ್ಲ, ಅದಕ್ಕೇ ಅಂಗಡಿ ಬಿಕೋ ಎನ್ನುತ್ತಿತ್ತು ಎಂದು ಮರುಗಿದ.

ಮಧ್ಯಾಹ್ನ ಇಬ್ಬರು ಏದುಸಿರು ಬಿಡುತ್ತ ಬಂದರು. ಮೇಲಿನ ಬೀದಿಯ ಮುದುಕರೊಬ್ಬರು ತೀರಿಕೊಂಡಿದ್ದರು. ಚಿತೆಗೆ ಸೌದೆ ತರಲು ಬೆಳಗ್ಗೆ ಡಿಪೋಗೆ ಹೋದವರು ಇನ್ನೂ ಅಲ್ಲೇ ನಿಂತಿದ್ದರು. ಸೌದೆ ವ್ಯಾಪಾರಿ ಓಡಿದ.

ಡಿಪೋದಲ್ಲಿ ಭಾವ ಬೆವರಿ ನೀರಾಗಿದ್ದ. ತೊಗಟೆ ಸೌದೆಯಲ್ಲ ಎಂದು ಕೆತ್ತಿ ತೆಗೆದಿದ್ದ. ಇರುವೆ ಸೌದೆಯಲ್ಲ ಎಂದು ಊದಿ ಓಡಿಸಿದ್ದ. ತಕ್ಕಡಿ ಅತ್ತ ವಾಲಿದರೆ ಒಂದು ಚಕ್ಕೆ ಇಡುತ್ತಿದ್ದ, ಇತ್ತ ವಾಲಿದರೆ ಆ ಚಕ್ಕೆಯಲ್ಲಿ ಅರ್ಧ ಮುರಿಯುತ್ತಿದ್ದ. ಅಷ್ಟು ಹೊತ್ತಿಗೆ ತೂಗಿದ್ದು ಎರಡು ಕೊರಡು. ಕಾದು ಕಾದು ಸಾಕಾದ ಜನ ಚಟ್ಟವನ್ನೇ ತಂದು ಡಿಪೋ ಮುಂದೆ ಇಳಿಸಿದ್ದರು. ಸೌದೆ ವ್ಯಾಪಾರಿ ತಕ್ಕಡಿ ಮುಟ್ಟಲಿಲ್ಲ. ಕಣ್ಣಳತೆಯಲ್ಲೇ ಒಂದು ಗಾಡಿ ತುಂಬಿಸಿ, ಮೇಲೆ ಒಂದಿಷ್ಟು ಹಾಕಿ ಕಳಿಸಿದ.

ಅಂಗಡಿಯ ಸುದ್ದಿ ಅಷ್ಟರಲ್ಲಿ ಭಾವನ ಕಿವಿಗೆ ಬಿದ್ದಿತ್ತು. ಮನೆಗೆ ಬಂದವನೇ ಡಬ್ಬಿ ತೆರೆದು ನೋಡಿ ತಲೆ ಮೇಲೆ ಕೈ ಹೊತ್ತು ಕೂತ. ಹಿಂದೆಯೇ ಬಂದ ಸೌದೆ ವ್ಯಾಪಾರಿಗೆ ಆಗ ಬುದ್ಧಿ ಬಂತು. ಮಗನಿಗೆ ಏನು ಹೇಳಲಿ ಎಂಬ ಚಿಂತೆ ಹತ್ತಿತು. ಇನ್ನು ಹೆಣ್ಣು ಕೇಳುವುದಿಲ್ಲವೆಂದು ಹೇಳಿ ಚಪ್ಪಲಿ ಮೆಟ್ಟಿದ.

ಅಕ್ಕ ಅಡುಗೆಮನೆಯಿಂದ ಬಂದಳು. ಗಂಡನನ್ನೇ ಕೇಳಿದಳು: “ಬಿಡ್ತು ಅನ್ನಿ, ನಾಳೆ ನಿಮಗೆ ಹೆಚ್ಚುಕಡಿಮೆಯಾದರೆ ಸೌದೆಯನ್ನು ನಿಮ್ಮಂಥವರ ಕೈಲಿ ತೂಗಿಸಲೋ, ಇವನಂಥವರ ಕೈಲಿ ತೂಗಿಸಲೋ?”

ಅಕ್ಕಸಾಲಿಗ ಬಿಡ್ತು ಎಂದ. ಆಮೇಲೆ ತಾನೇ ಎದ್ದು ಪಂಚಾಂಗ ತಂದ.

ಮರುಳಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. “ಗೊತ್ತಾಯ್ತು ಅಯ್ಯನವರೇ. ಬಂಗಾರಕ್ಕೆ ಮೈಕ್ರೊ, ಸೌದೆಗೆ ಮ್ಯಾಕ್ರೊ. ಇಷ್ಟು ಸುಲಭ.”

“ಸುಲಭವೇ? ಹಾಗಾದರೆ ಹೇಳು, ಇವತ್ತು ಪಂಕ್ತಿಯಲ್ಲಿ ಮುದುಕಿಯೊಬ್ಬಳು ಇನ್ನೊಂದು ಸೌಟು ಸಾರು ಕೇಳಿದಾಗ ಲೆಕ್ಕ ಹಾಕಿ ಅರ್ಧ ಸೌಟು ಬಡಿಸಿದೆಯಲ್ಲ, ಆಗ ನಿನ್ನ ಕೈಯಲ್ಲಿದ್ದದ್ದು ಯಾವ ತಕ್ಕಡಿ?”