ಬಿರುಕಿನ ಮೇಲೆ ಬಳಿದ ಬಣ್ಣ

ಗುಡ್ಡದ ನೆತ್ತಿಯ ಮೇಲಿನ ಒಂದು ಕಾಡಿನಲ್ಲಿ ಕೆಂಚವ್ವ ಎಂಬ ಮುಂಗುಸಿ ಮಣ್ಣಿನ ಮನೆ ಕಟ್ಟಿಕೊಂಡು ಬಾಳುತ್ತಿದ್ದಳು.

ಆ ಕಾಡಿನ ಹವೆ ಬಲು ಒರಟು. ಬೇಸಿಗೆಯ ಬಿಸಿಲಿಗೆ ಗೋಡೆಗಳು ಬಾಯಿ ಬಿಡುತ್ತಿದ್ದವು. ಮಳೆಗಾಲ ಬಂತೆಂದರೆ ಗಾಳಿ ನೀರನ್ನು ಅಡ್ಡಡ್ಡ ಎತ್ತಿ ತಂದು ಗೋಡೆಗೇ ಬಡಿಯುತ್ತಿತ್ತು. ಅದಕ್ಕೇ ಅಲ್ಲಿನ ಪ್ರಾಣಿಗಳೆಲ್ಲ ಬೇಸಿಗೆಯ ಕೊನೆಯಲ್ಲಿ ಹೊರಗೋಡೆಯ ಬಿರುಕು ಕೆತ್ತಿ, ಜೇಡಿಮಣ್ಣು ಮೆತ್ತಿ, ಅದು ಒಣಗಿದ ಮೇಲೆ ಕೆಮ್ಮಣ್ಣಿನ ಬಣ್ಣ ಬಳಿಯುತ್ತಿದ್ದವು.

ಆ ವರ್ಷ ಕೆಂಚವ್ವನ ಕೆಲಸ ಹಿಂದೆ ಬಿತ್ತು. ಅವಳ ಮರಿಗಳು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಅವನ್ನು ಬಿಟ್ಟು ಮಣ್ಣು ತರಲು ಹೋದರೆ ಹದ್ದಿನ ಭಯ. ಹೋಗದಿದ್ದರೆ ಮಳೆಯ ಭಯ. ಅವಳು ದಿನವಿಡೀ ಆಕಾಶ ನೋಡುವಳು, ಬಿರುಕು ನೋಡುವಳು, ಮತ್ತೆ ಆಕಾಶ ನೋಡುವಳು. ಬೇಟೆಗೂ ಹೋಗುತ್ತಿರಲಿಲ್ಲ.

ಇದನ್ನು ಬಾಲಪ್ಪ ಎಂಬ ಉದ್ದ ಬಾಲದ ಮುಸುವ ಕೋತಿ ಮರದ ಮೇಲಿಂದ ನೋಡುತ್ತಿದ್ದ. ಅವನಿಗೆ ಮನೆಯಿರಲಿಲ್ಲ. ಕಟ್ಟಿಕೊಳ್ಳುವ ಮನಸ್ಸೂ ಇರಲಿಲ್ಲ.

“ಏನಕ್ಕಾ, ಇಷ್ಟು ಸೊರಗಿದ್ದೀಯ? ಗೋಡೆಯ ಚಿಂತೆ ನನಗೆ ಬಿಡು,” ಎಂದು ಕೆಳಗಿಳಿದು ಬಂದ.

“ನಿನಗೆ ಏನು ಕೊಡಲಿ ಅಣ್ಣಾ? ನನ್ನ ಹತ್ತಿರ ಏನೂ ಇಲ್ಲವಲ್ಲ!”

“ಮಳೆಗಾಲ ಕಳೆಯುವ ತನಕ ಹಿಂದಿನ ಕೋಣೆ ಬಿಟ್ಟುಕೊಡು, ಸಾಕು.”

ಆ ಕೋಣೆಯೇ ಮನೆಯಲ್ಲಿ ಎಲ್ಲಕ್ಕಿಂತ ಬೆಚ್ಚಗಿನದು. ಮರಿಗಳು ಮಲಗುತ್ತಿದ್ದುದೂ ಅಲ್ಲೇ. ಕೆಂಚವ್ವ ಮರಿಗಳತ್ತ ತಿರುಗಿ ನೋಡಿದಳು. ಆದರೆ ಬೇರೆ ದಾರಿಯಿರಲಿಲ್ಲ. “ಆಗಲಿ” ಎಂದು ಮಾತು ಕೊಟ್ಟಳು. ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಮುಂದಿನ ಕೋಣೆಗೆ ತಂದಳು.

ಅವಳು ಒಳಗೆ ಮರಿಗಳಿಗೆ ಹಾಲೂಡುತ್ತಿದ್ದರೆ, ಹೊರಗೆ ಬಾಲಪ್ಪ ಬಿರುಕುಗಳಿಗೆ ತರಗೆಲೆ ತುರುಕಿದ. ಬಾಲವನ್ನು ಕೆಮ್ಮಣ್ಣಿನ ನೀರಿನಲ್ಲಿ ಅದ್ದಿ ಮೇಲೆ ಬಳಿದ. ಸಂಜೆಯಾಗುವ ಮೊದಲೇ ಮನೆ ಮದುವೆಮನೆಯಂತೆ ಕಂಗೊಳಿಸಿತು. ದಾರಿಯಲ್ಲಿ ಹೋಗುತ್ತಿದ್ದ ಕಾಡುಹಂದಿ, “ನಾಳೆ ನಮ್ಮ ಮನೆಗೂ ಬಾರಯ್ಯ,” ಎಂದು ಕರೆದ. ಬಾಲಪ್ಪ ಉಬ್ಬಿಹೋದ.

ಪಕ್ಕದ ಮನೆಯ ಮುಳ್ಳುಹಂದಿ ಶಿವಜ್ಜಿ ಮಾತ್ರ ಹುಬ್ಬೇರಿಸಿದಳು. “ಅಲ್ಲ ಕಣೇ ಕೆಂಚಿ, ಮೆತ್ತಿದ ಮಣ್ಣು ಇಷ್ಟು ಬೇಗ ಒಣಗಿತೇ?”

ಆ ಮಾತು ಕೆಂಚವ್ವನ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಅವಳು ಗೋಡೆಗೆ ಮೈ ಒತ್ತಿದಳು. ಒಳಗೆ ಚರಚರ ಸದ್ದು. ಉಗುರಿನಿಂದ ಕೆರೆದಳು. ಬಣ್ಣದ ಹಿಂದಿನಿಂದ ತರಗೆಲೆ ಉದುರಿತು.

“ಅಣ್ಣಾ! ಇದೇನು ಮಾಡಿದೆ? ನನ್ನ ಮಕ್ಕಳು ಮಲಗೋ ಮನೆ ಇದು!”

“ಚೆಂದ ಕಾಣೋದಿಲ್ಲವೇ? ಅಷ್ಟು ಸಾಕು.”

“ಸಾಲದು. ಗೋಡೆಯನ್ನೆಲ್ಲ ಕೆತ್ತಿ ನಾನೇ ಮಣ್ಣು ಮೆತ್ತುತ್ತೇನೆ.”

ಬಾಲಪ್ಪನಿಗೆ ಗಾಬರಿಯಾಯಿತು. ಹಿಂದಿನ ಗೋಡೆ ದಾರಿಗೆ ಎದುರಾಗಿತ್ತು. ಅದನ್ನು ಕೆತ್ತಿದರೆ ತನ್ನ ಬಂಡವಾಳ ಬಯಲಾಗುತ್ತದೆ. “ನನ್ನ ಕೋಣೆಯ ಗೋಡೆ ಮುಟ್ಟಿದರೆ ನೋಡು!” ಎಂದು ಹಲ್ಲು ಕಿರಿದ. “ಮಳೆಗಾಲ ಮುಗಿಯೋ ತನಕ ಅದು ನನ್ನದು. ನೀನೇ ಮಾತು ಕೊಟ್ಟಿದ್ದೀಯ.”

ಅವನೊಡನೆ ಕಾದಾಡುತ್ತ ಕೂರುವಷ್ಟು ಹೊತ್ತಿರಲಿಲ್ಲ. ಮೋಡ ಆಗಲೇ ಎದುರು ಗುಡ್ಡದ ತುದಿ ಮುಟ್ಟಿತ್ತು. ತನ್ನ ಗೋಡೆಯ ಕೆಲಸ ಆಗತಾನೇ ಮುಗಿಸಿದ್ದ ಶಿವಜ್ಜಿ ಮುಳ್ಳು ನಿಗುರಿಸಿ ಮರಿಗಳ ಕಾವಲಿಗೆ ಕೂತಳು. ಕೆಂಚವ್ವ ಹಳ್ಳಕ್ಕೆ ಓಡಿದಳು, ಮಣ್ಣು ತಂದಳು, ಕೆತ್ತಿದಳು, ಮೆತ್ತಿದಳು. ಅಂಗಾಲು ಒಡೆದು ರಕ್ತ ಬಂತು. ಮುಂದಿನ ಗೋಡೆ ಮುಗಿಯಿತು. ಪಕ್ಕದ ಗೋಡೆಗಳೂ ಮುಗಿದವು. ಎರಡು ಕೋಣೆಗಳ ನಡುವಿನ ಗೋಡೆಗೂ ದಪ್ಪಗೆ ಮಣ್ಣು ಹಾಕಿದಳು. ಆಮೇಲೆ ಹಸಿ ಗೋಡೆಯ ಮುಂದೆ ನಿಂತು, “ಒಣಗು ತಾಯೀ, ಬೇಗ ಒಣಗು,” ಎಂದು ಬೇಡಿಕೊಂಡಳು. ಬೀಸಿದ ಒಂದೊಂದು ತಣ್ಣನೆ ಗಾಳಿಗೂ ಅವಳು ಗೋಡೆ ಮುಟ್ಟಿ ನೋಡುತ್ತಿದ್ದಳು.

ಮಣ್ಣು ಒಣಗಿ ಬೆಳ್ಳಗಾಗುವುದಕ್ಕೂ ಮಳೆ ಸುರಿಯುವುದಕ್ಕೂ ಸರಿಹೋಯಿತು. ಗಾಳಿ ಬುಸುಗುಟ್ಟಿತು. ನೀರು ಗೋಡೆಗೆ ಚಾಟಿಯಂತೆ ಬಡಿಯಿತು. ಹಿಂದಿನ ಗೋಡೆಯ ಬಣ್ಣ ಕರಗಿ ಕೆಂಪಾಗಿ ಹರಿಯಿತು. ತರಗೆಲೆ ನೆನೆದು ಕಳಚಿಬಿತ್ತು.

“ಅಣ್ಣಾ, ಈಚೆಗೆ ಬಂದುಬಿಡು! ಗೋಡೆ ಅಲುಗಾಡುತ್ತಿದೆ!” ಎಂದು ಕೆಂಚವ್ವ ಕೂಗಿದಳು.

“ನನ್ನನ್ನು ಓಡಿಸೋ ಹುನ್ನಾರ! ನಾನು ಬರೋದಿಲ್ಲ ಹೋಗು!” ಎಂದು ಬಾಲಪ್ಪ ಒಳಗಿಂದಲೇ ಅರಚಿದ.

ದಬಾರ್ ಎಂದು ಹಿಂದಿನ ಗೋಡೆ ಕುಸಿಯಿತು. ಸೂರು ಅವನ ಮೇಲೆ ಬಿತ್ತು. ನಡುವಿನ ಗೋಡೆ ನಡುಗಿತು, ಆದರೆ ಬೀಳಲಿಲ್ಲ. ಅದರ ಈಚೆ ಮರಿಗಳು ಒಣಗಿದ ಹುಲ್ಲಿನ ಮೇಲೆ ಮುದುಡಿ ಮಲಗಿದ್ದವು.

ಕೆಂಚವ್ವ ಮಳೆಯಲ್ಲೇ ಓಡಿ ಮಣ್ಣು ಕೆದಕಿ ಬಾಲಪ್ಪನನ್ನು ಹೊರಗೆಳೆದಳು. ಅವನ ಬಾಲ ಜಜ್ಜಿಹೋಗಿತ್ತು. ಸದ್ದು ಕೇಳಿ ಬಂದ ಕಾಡುಹಂದಿ ಮುರಿದ ಗೋಡೆಯೊಳಗಿನ ತರಗೆಲೆ ನೋಡಿದ. “ನಮ್ಮ ಮನೆ ಕಡೆ ತಲೆ ಹಾಕಬೇಡ,” ಎಂದು ಬಾಲಪ್ಪನಿಗೆ ಹೇಳಿ ಹೊರಟುಹೋದ.

“ಅಕ್ಕಾ, ಮೂಲೆಯಲ್ಲಿ ಸ್ವಲ್ಪ ಜಾಗ...” ಎಂದು ಬಾಲಪ್ಪ ಗೋಗರೆದ.

“ಜೀವ ಉಳಿಸಿದೆ, ಅಷ್ಟೇ. ನಿನ್ನ ಪಕ್ಕ ಮಕ್ಕಳನ್ನು ಮಲಗಿಸಲಾರೆ,” ಎಂದು ಕೆಂಚವ್ವ ಬಾಗಿಲು ಹಾಕಿಕೊಂಡಳು.

ಬಾಲಪ್ಪ ಆ ಮಳೆಗಾಲವನ್ನೆಲ್ಲ ಬೋಳು ಕೊಂಬೆಯ ಮೇಲೆ ನಡುಗುತ್ತ ಕಳೆದ.

ನೀತಿ: ಹುಳುಕನ್ನು ಬಣ್ಣ ಬಳಿದು ಮುಚ್ಚಿದವನ ತಲೆಯ ಮೇಲೇ ಆ ಹುಳುಕು ಕುಸಿದು ಬೀಳುತ್ತದೆ.