ಇನ್ನಾಸಪ್ಪನ ಮೂರನೇ ಬಿಡುವು

ನಮ್ಮ ಮರಿಯನಗುಡ್ಡದ ಚರ್ಚಿನ ಗಂಟೆ ಬಾರಿಸಿದರೆ ಸುತ್ತ ನಾಲ್ಕು ಹಳ್ಳಿಗೆ ಕೇಳುತ್ತದೆ. ಪಟ್ಟಣದ ದೊಡ್ಡ ದೊಡ್ಡ ಚರ್ಚುಗಳ ಗಂಟೆ ನಾನೂ ಕೇಳಿದ್ದೇನೆ. ನಮ್ಮದರ ಮುಂದೆ ಅವು ತಟ್ಟೆಗೆ ಚಮಚ ತಾಗಿದ ಹಾಗೆ. ಜಂಬ ಅನ್ನಿಸಿದರೆ ಒಂದು ಸಲ ಬಂದು ಕೇಳಿ.

ಆ ಗಂಟೆಯ ಹಗ್ಗ ನಲವತ್ತು ವರ್ಷ ಇನ್ನಾಸಪ್ಪನ ಕೈಯಲ್ಲಿತ್ತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ತ್ರಿಕಾಲ ಜಪದ ಗಂಟೆ. ಮೂರು ಪೆಟ್ಟು, ಒಂದು ಬಿಡುವು. ಮತ್ತೆ ಮೂರು, ಮತ್ತೆ ಬಿಡುವು. ಇನ್ನೂ ಮೂರು, ಇನ್ನೊಂದು ಬಿಡುವು. ಕೊನೆಗೆ ಒಂಬತ್ತು. ಪ್ರತಿ ಬಿಡುವಿನಲ್ಲೂ ಊರಿನವರು ಇದ್ದಲ್ಲೇ ನಿಂತು ಒಂದು ‘ನಮೋ ಮರಿಯಾ’ ಹೇಳುತ್ತಾರೆ. ಈಚಿನ ವರ್ಷಗಳಲ್ಲಿ ಮೂರನೇ ಬಿಡುವು ಮಾತ್ರ ಉದ್ದ. ಎಲ್ಲರ ಜಪ ಮುಗಿದರೂ ಒಂಬತ್ತು ಪೆಟ್ಟು ಬೀಳುತ್ತಿರಲಿಲ್ಲ.

ಇದನ್ನು ಗಮನಿಸಿದವನು ಚೌರಿರಾಜ. ನಾಲ್ಕು ವರ್ಷ ಹೊರಗೆ ಓದಿ, ಗಡ್ಡ ಬಿಟ್ಟುಕೊಂಡು ಊರಿಗೆ ಬಂದಿದ್ದ. ಹಳೇ ಸಂತರ ಗುಪ್ತವಿದ್ಯೆ ಅಂದರೆ ಅವನಿಗೆ ಪ್ರಾಣ. ಗಡಿಯಾರ ಬಂದು ಮನುಷ್ಯ ಕೆಟ್ಟ, ಕರೆಂಟು ಬಂದು ಭಕ್ತಿ ಕೆಟ್ಟಿತು, ಮಿಕ್ಸಿ ಬಂದು ಚಟ್ನಿ ಕೆಟ್ಟಿತು ಅಂತ ದಿನವೂ ಮೊಬೈಲಿನಲ್ಲಿ ಉದ್ದುದ್ದ ಬರೆಯುತ್ತಿದ್ದ. ಹಾಗಾದರೆ ನಾಳೆಯಿಂದ ಒರಳಲ್ಲಿ ನೀನೇ ರುಬ್ಬು ಅಂದಳು ಅವನ ಅಮ್ಮ. ಅವತ್ತಿಗೆ ಚಟ್ನಿಯ ಸುದ್ದಿ ಬಿಟ್ಟ.

ಅಷ್ಟರಲ್ಲಿ ಇನ್ನಾಸಪ್ಪನ ಮಂಡಿ ಕೈಕೊಟ್ಟಿತು. ಗೋಪುರದ ಮೆಟ್ಟಿಲು ಹತ್ತೋದು ಕಷ್ಟವಾಯಿತು. ಚರ್ಚಿನ ಕಮಿಟಿಯವರು ಕರೆಂಟಿನಲ್ಲಿ ಗಂಟೆ ಬಾರಿಸುವ ಮಷೀನು ತರಿಸೋಣ ಅಂದರು. ಚೌರಿರಾಜ ಕೆಂಡವಾದ. ಹಗ್ಗ ತನಗೆ ಕೊಡಿ ಅಂತ ಚರ್ಚಿನ ಪಾದ್ರಿ ಸ್ವಾಮಿಗಳ ಮುಂದೆ ನಿಂತ. ಸ್ವಾಮಿಗಳು ಇನ್ನಾಸಪ್ಪನ ಕಡೆ ನೋಡಿದರು.

ಮೂರನೇ ಬಿಡುವು ಯಾಕೆ ಉದ್ದ ಅಂತ ಭಾನುವಾರದೊಳಗೆ ಕಂಡುಹಿಡಿದರೆ ಹಗ್ಗ ಇವನದು, ಇಲ್ಲದಿದ್ದರೆ ಮಷೀನೇ ಬರಲಿ ಅಂದ ಇನ್ನಾಸಪ್ಪ.

ಚೌರಿರಾಜ ಊಟ ನಿದ್ದೆ ಬಿಟ್ಟ. ಬಿಡುವನ್ನು ಅಳೆದ. ಒಂದು ದಿನ ನಲವತ್ತು ಸೆಕೆಂಡು, ಇನ್ನೊಂದು ದಿನ ಪೂರ್ತಿ ನಿಮಿಷ. ಅಮಾವಾಸ್ಯೆ, ಹುಣ್ಣಿಮೆ ಹೊಂದಿಸಿ ನೋಡಿದ. ಲ್ಯಾಟಿನ್ ಜಪದ ಅಕ್ಷರ ಎಣಿಸಿದ. ಶುಕ್ರವಾರ ಓಡಿ ಬಂದು, ಇದು ತ್ರಿತ್ವದ ಮೂರನೇ ಬಾಗಿಲು ತೆರೆಯುವ ಹೊತ್ತು, ಸಾವಿರ ವರ್ಷದ ಗುಟ್ಟು ಅಂದ.

ಇನ್ನಾಸಪ್ಪ ಕೆಮ್ಮು ಬರುವಷ್ಟು ನಕ್ಕ. “ಸಾವಿರ ವರ್ಷನಾ? ನಾನು ಓದಿರೋದೇ ನಾಲ್ಕನೇ ಕ್ಲಾಸು ಕಣೋ.”

ಶನಿವಾರ ಮಧ್ಯಾಹ್ನ ಹಗ್ಗವನ್ನು ಅವನ ಕೈಗೇ ಕೊಟ್ಟ. ಚೌರಿರಾಜ ಸರಿಯಾಗಿ ಅರವತ್ತು ಸೆಕೆಂಡು ಬಿಟ್ಟು ಒಂಬತ್ತು ಪೆಟ್ಟು ಹಾಕಿದ.

“ತೋಳು ಚೆನ್ನಾಗಿದೆ. ಕಣ್ಣು ಎಲ್ಲಿಟ್ಟಿದ್ದೆ?”

“ಮೊಬೈಲಲ್ಲಿ, ತಾತ. ಸೆಕೆಂಡು ನೋಡಬೇಕಲ್ಲ.”

“ಮತ್ತೆ ಮಷೀನಿಗೂ ನಿನಗೂ ಏನೋ ವ್ಯತ್ಯಾಸ? ಅದಕ್ಕೆ ಗಡ್ಡ ಇಲ್ಲ, ಅಷ್ಟೇ. ನಾಳೆ ಗೋಪುರದ ಕಿಟಕಿಯಾಚೆ ನೋಡು.”

ಭಾನುವಾರ ಮಧ್ಯಾಹ್ನ ಚೌರಿರಾಜ ಮೊಬೈಲು ಜೇಬಿಗಿಟ್ಟು ಕಿಟಕಿಯಾಚೆ ನೋಡಿದ. ಮೂರನೇ ಬಿಡುವಿನಲ್ಲಿ ಎಲ್ಲರ ತುಟಿ ನಿಂತಿತು. ಎದುರು ಜಗಲಿಯ ಮೇಲೆ ರಾಯಪ್ಪ ಒಬ್ಬನ ತುಟಿ ಮಾತ್ರ ಇನ್ನೂ ಆಡುತ್ತಿತ್ತು. ಮೂರು ವರ್ಷದ ಹಿಂದೆ ಲಕ್ವ ಹೊಡೆದು ಅವನ ಬಲಗೈ ಬಿದ್ದಿತ್ತು, ನಾಲಿಗೆ ತೊದಲುತ್ತಿತ್ತು. ಮೊದಲೆರಡು ಬಿಡುವಿನಲ್ಲಿ ಹಿಂದೆ ಬಿದ್ದವನು, ಮೂರನೆಯದರಲ್ಲಿ ಒಂದೊಂದೇ ಮಾತು ಕೂಡಿಸಿಕೊಂಡು ಊರಿನವರನ್ನು ಸೇರುತ್ತಿದ್ದ. ಮುಗಿಸಿ, ಎಡಗೈಯಲ್ಲಿ ಶಿಲುಬೆ ಗುರುತು ಹಾಕಿಕೊಂಡ. ಆಗ ಚೌರಿರಾಜ ಒಂಬತ್ತು ಪೆಟ್ಟು ಎಳೆದ. ಎಳೆಯುವಾಗ ಅವನ ಕಣ್ಣು ಒದ್ದೆಯಾಗಿತ್ತು, ಬಾಯಿ ನಗುತ್ತಿತ್ತು.

ಕೆಳಗಿಳಿದು ಬಂದು ಕೇಳಿದ. “ತಾತ, ಹೊಲದ ಬದುವಿಗೆ ಜಗಳ ಆಡಿ ನಿಮಗೂ ರಾಯಪ್ಪಣ್ಣನಿಗೂ ಹತ್ತು ವರ್ಷದಿಂದ ಮಾತಿಲ್ಲ ಅಂತಾರಲ್ಲ?”

“ಮಾತು ಬಿಟ್ಟಿದೀನಿ. ಜಪದಲ್ಲಿ ಅವನನ್ನ ಬಿಟ್ಟು ಹೋಗೋಕೆ ನಾನ್ಯಾರೋ?”

ಹಗ್ಗ ಚೌರಿರಾಜನದಾಯಿತು. ಮಷೀನು ಬರಲಿಲ್ಲ.

ಮಾರನೇ ದಿನ ಮಧ್ಯಾಹ್ನ ಇನ್ನಾಸಪ್ಪ ಬೀದಿಯಲ್ಲಿ ಕುಂಟಿಕೊಂಡು ಬರುವಾಗ ಗಂಟೆಯ ಮೊದಲ ಪೆಟ್ಟು ಬಿತ್ತು. ನಿಲ್ಲೋಕೆ ಮಂಡಿ ಬಿಡಲಿಲ್ಲ. ಹತ್ತಿರ ಇದ್ದದ್ದು ರಾಯಪ್ಪನ ಜಗಲಿ. ಕೂತ. ಮೂರನೇ ಬಿಡುವಿನಲ್ಲಿ ತನ್ನ ಜಪ ಮುಗಿಸಿ, ಪಕ್ಕದಲ್ಲಿದ್ದ ರಾಯಪ್ಪನದು ಮುಗಿಯಲಿ ಅಂತ ಕಾದ, ಕಾದ. ಕೊನೆಗೆ ಹತ್ತು ವರ್ಷದ ಮೇಲೆ ಮೊದಲ ಮಾತು ಆಡಿದ.

“ಬೇಗ ಮುಗಿಸಯ್ಯಾ, ಮುದ್ದೆ ಆರಿಹೋಗ್ತದೆ.”

ರಾಯಪ್ಪನಿಗೆ ನಗು ಬಂತು. ನಗುವಿನಲ್ಲಿ ಜಪ ತಪ್ಪಿಹೋಗಿ, ಮತ್ತೆ ಮೊದಲಿಂದ ಶುರುಮಾಡಿದ. ಮೇಲೆ ಚೌರಿರಾಜ ಹಗ್ಗ ಹಿಡಿದು ಕಾಯುತ್ತಲೇ ಇದ್ದ. ಅವತ್ತು ಇಡೀ ಮರಿಯನಗುಡ್ಡದ ಮುದ್ದೆ ಆರಿತು. ಒಬ್ಬರೂ ಗೊಣಗಲಿಲ್ಲ.

ನೀತಿ: ಹಳೆಯದನ್ನು ಉಳಿಸುತ್ತೇನೆ ಅನ್ನುವವನು ಮೊದಲು ಹಿಂದೆ ಬಿದ್ದವನನ್ನು ನೋಡಬೇಕು. ಅವನಿಗಾಗಿ ಕಾಯುವುದೇ ಭಕ್ತಿಯ ಗುಟ್ಟು. ಮಷೀನಿಗೆ ಅದನ್ನು ಯಾರೂ ಕಲಿಸಲಾರರು. ಮನುಷ್ಯನಿಗೆ ನಮ್ಮೂರಲ್ಲಿ ಒಂದೇ ವಾರದಲ್ಲಿ ಕಲಿಸುತ್ತೇವೆ.